ಕಡಿಮೆ ಖರ್ಚಿನಲ್ಲಿ ದೋಣಿಯಲ್ಲೇ ಉಳಿದು ಸ್ಕೂಬಾ ಡೈವಿಂಗ್ ಮಾಡುವುದಕ್ಕೆ ಥಾಯ್ಲೆಂಡ್ ಸರಿಯೇ?

ಸರಿ. ಮೊದಲ ಬಾರಿಗೆ ಹೋಗುವವರಿಗೆ ನಾನು ಹೇಳುವುದು ಅಂಡಮಾನ್ ಸಮುದ್ರದ ಸಿಮಿಲನ್ ದ್ವೀಪಗಳನ್ನೇ. ದೋಣಿಗಳು ಕರಾವಳಿ ಊರಾದ ಖಾವೊ ಲಾಕ್ ಬಳಿಯಿಂದ ಹೊರಡುತ್ತವೆ. ಈ ದ್ವೀಪಗಳ ರಾಷ್ಟ್ರೀಯ ಉದ್ಯಾನವು ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಿಂದ ಮೇ ಮಧ್ಯದವರೆಗೆ ಮಾತ್ರ ತೆರೆದಿರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತಿಮಿಂಗಿಲ ಶಾರ್ಕ್ ಕಾಣುವ ಸಾಧ್ಯತೆ ಹೆಚ್ಚು. ಪ್ರವಾಸದ ಪಟ್ಟಿಯಲ್ಲಿ ರಿಚೆಲ್ಯೂ ರಾಕ್ ಇದೆಯೇ ನೋಡಿ. ನೇರಳೆ ಬಣ್ಣದ ಮೃದು ಹವಳ ಹೊದ್ದ ಆ ಬಂಡೆಗಾಗಿಯೇ ಒಂದು ದಿನ ಹೆಚ್ಚು ಖರ್ಚು ಮಾಡಬಹುದು.

ಹಣ ಉಳಿಯುವುದು ಹಂಚಿಕೊಳ್ಳುವ ಕ್ಯಾಬಿನ್‌ನಿಂದ. ದಿನಕ್ಕೆ ಮೂರು ನಾಲ್ಕು ಬಾರಿ ನೀರಿಗಿಳಿಯುವವರಿಗೆ ಕೋಣೆ ಬೇಕಾಗುವುದು ಮಲಗುವುದಕ್ಕಷ್ಟೇ. ಆದರೆ ಉದ್ಯಾನ ಶುಲ್ಕ, ಸಲಕರಣೆ ಬಾಡಿಗೆ, ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಉಸಿರಾಟದ ಗಾಳಿ) ಬಹಳ ಸಲ ಪ್ರತ್ಯೇಕ. ಇವನ್ನೆಲ್ಲ ಕೂಡಿಸಿದ ಮೇಲೆಯೇ ದೋಣಿಗಳನ್ನು ಹೋಲಿಸಿ.

ಸುರಕ್ಷತೆಯಲ್ಲಿ ಮಾತ್ರ ದಯವಿಟ್ಟು ಚೌಕಾಸಿ ಬೇಡ. 2019ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಕನ್ಸೆಪ್ಷನ್ ಎಂಬ ಡೈವಿಂಗ್ ದೋಣಿಗೆ ರಾತ್ರಿ ಬೆಂಕಿ ಬಿದ್ದು, ಕೆಳ ಅಂತಸ್ತಿನಲ್ಲಿ ಮಲಗಿದ್ದ 34 ಜನ ಸತ್ತರು. ರಾತ್ರಿ ಗಸ್ತು ತಿರುಗುವ ಸಿಬ್ಬಂದಿ ಇರಲಿಲ್ಲ. ಆದ್ದರಿಂದ ರಾತ್ರಿ ಕಾವಲಿಗೆ ಯಾರಿರುತ್ತಾರೆ, ಕ್ಯಾಬಿನ್‌ನಿಂದ ಎರಡನೇ ದಾರಿ ಎಲ್ಲಿದೆ, ಬ್ಯಾಟರಿಗಳನ್ನು ಎಲ್ಲಿ ಚಾರ್ಜ್ ಮಾಡುತ್ತಾರೆ, ತುರ್ತು ಆಮ್ಲಜನಕ ಇದೆಯೇ ಎಂದು ಬುಕಿಂಗ್‌ಗೆ ಮುನ್ನವೇ ಕೇಳಿ. ಉತ್ತರ ತಡವರಿಸಿದರೆ ಬೇರೆ ದೋಣಿ ನೋಡಿ. ಡೈವಿಂಗ್ ವಿಮೆಯನ್ನೂ ಬಿಡಬೇಡಿ.

18 ಮೀಟರ್ ಆಳದವರೆಗಿನ ಓಪನ್ ವಾಟರ್ ಎಂಬ ಆರಂಭಿಕ ಡೈವಿಂಗ್ ಪ್ರಮಾಣಪತ್ರದಿಂದಲೂ ಹೋಗಬಹುದು, ಆದರೂ 30 ಮೀಟರ್‌ವರೆಗಿನ ಅಡ್ವಾನ್ಸ್ಡ್ ಎಂಬ ಮುಂದಿನ ಹಂತದ ತರಬೇತಿ ಮುಗಿಸಿದ್ದರೆ ಹೆಚ್ಚು ತಾಣಗಳು ಸಿಗುತ್ತವೆ. ಕೊನೆಯ ಡೈವ್‌ಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ, ಸಾಧ್ಯವಾದರೆ 24 ಗಂಟೆ ಬಿಡಿ.