ಹೊಗೆಯ ರುಚಿ ಬಿಡದೆ ತೂಕ ಇಳಿಸಬಹುದೇ?

ಪ್ರಶ್ನೆ: ನಾವು ಹಾಸನದ ಕಡೆಯವರು, ಈಗ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಬಳಿ ನೆಲೆಸಿದ್ದೇವೆ. ಇಲ್ಲಿನ ನೆರೆಹೊರೆಯವರನ್ನು ನೋಡಿ ನಾನೂ ಹಿತ್ತಿಲಿನಲ್ಲಿ ಪೆಲೆಟ್ ಸ್ಮೋಕರ್ (ಮರದ ಪುಡಿಯನ್ನು ಅದುಮಿ ಮಾಡಿದ ಚಿಕ್ಕ ತುಣುಕುಗಳನ್ನು ಉರಿಸಿ, ಆ ಹೊಗೆ ಮತ್ತು ಶಾಖದಲ್ಲಿ ಬೇಯಿಸುವ ಒಲೆ) ಇಟ್ಟುಕೊಂಡು ವಾರಾಂತ್ಯದಲ್ಲಿ ಮಾಂಸ ಬೇಯಿಸುವ ಹವ್ಯಾಸ ಬೆಳೆಸಿಕೊಂಡಿದ್ದೇನೆ. ತೂಕ ಇಳಿಸಬೇಕೆಂದೂ ರಕ್ತದೊತ್ತಡ ಮೇಲ್ಗಡಿಯಲ್ಲಿದೆಯೆಂದೂ ವೈದ್ಯರು ಹೇಳಿದ್ದಾರೆ. ಎಣ್ಣೆ ಬೇಕಿಲ್ಲದ ಅಡುಗೆಯಾದ್ದರಿಂದ ಸ್ಮೋಕರ್ ಪಥ್ಯಕ್ಕೆ ಒಳ್ಳೆಯದೆಂಬುದು ಗೆಳೆಯರ ವಾದ. ಅದನ್ನು ಮಾರಿಬಿಡಿ ಎಂಬುದು ನನ್ನ ಶ್ರೀಮತಿಯವರ ಸಲಹೆ. ಯಾರ ಮಾತು ಕೇಳಲಿ? ಅವರು ಸಸ್ಯಾಹಾರಿ. ಅವರಿಗೂ ಅದರಲ್ಲಿ ಏನಾದರೂ ಮಾಡಿಕೊಡಬಹುದೇ?

ಉತ್ತರ: ಸ್ಮೋಕರನ್ನು ಮಾರಬೇಕಾಗಿಲ್ಲ. ಆದರೆ ಗೆಳೆಯರ ವಾದವನ್ನೂ ಹಾಗೆಯೇ ಒಪ್ಪುವಂತಿಲ್ಲ. ಹೊರಗಿನಿಂದ ಎಣ್ಣೆ ಹಾಕದಿದ್ದರೂ ಮಾಂಸದೊಳಗಿನ ಕೊಬ್ಬು ಅಲ್ಲಿಯೇ ಇರುತ್ತದೆ, ಮತ್ತು ಕೊಬ್ಬು ಯಾವ ದಾರಿಯಲ್ಲಿ ತಟ್ಟೆಗೆ ಬಂದರೂ ಒಂದು ಗ್ರಾಮಿಗೆ 9 ಕ್ಯಾಲೊರಿಯಂತೆ ಲೆಕ್ಕಕ್ಕೆ ಸೇರುತ್ತದೆ. ಚರ್ಮ ತೆಗೆದು ಬೇಯಿಸಿದ ಕೋಳಿಯ ಎದೆಮಾಂಸದ 100 ಗ್ರಾಮಿನಲ್ಲಿ ಸುಮಾರು 165 ಕ್ಯಾಲೊರಿ ಹಾಗೂ 31 ಗ್ರಾಂ ಪ್ರೋಟೀನ್ ಇರುತ್ತವೆ. ಅದೇ ತೂಕದ ಕೊಬ್ಬುಭರಿತ ಬ್ರಿಸ್ಕೆಟ್ (ದನದ ಎದೆಭಾಗದ ಮಾಂಸ) ಅಥವಾ ಪಕ್ಕೆಲುಬಿನ ಮಾಂಸದಲ್ಲಿ ಕ್ಯಾಲೊರಿ ಇದರ ಸುಮಾರು ಎರಡರಷ್ಟಾಗಬಹುದು.

ನೀವೀಗ ಇರುವ ಟೆಕ್ಸಾಸಿನ ಸ್ಮೋಕರ್ ಅಡುಗೆ ಬೆಳೆದು ಬಂದದ್ದೇ ಕೊಬ್ಬು ಮತ್ತು ಗಟ್ಟಿ ನಾರು ಹೆಚ್ಚಿರುವ ತುಂಡುಗಳ ಸುತ್ತ ಎಂಬುದನ್ನು ಇಲ್ಲಿ ಗಮನಿಸಬೇಕು. ಬ್ರಿಸ್ಕೆಟ್ ಮತ್ತು ಹಂದಿಯ ಭುಜದ ಮಾಂಸಗಳನ್ನು ಸುಮಾರು 107 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತು ಹನ್ನೆರಡು ಗಂಟೆ ಇಟ್ಟರೆ ಅವುಗಳ ನಾರು ಕರಗಿ ಮೆದುವಾಗುತ್ತದೆ, ಅಷ್ಟು ಹೊತ್ತು ಒಣಗದಂತೆ ಒಳಗಿನ ಕೊಬ್ಬು ಕಾಯುತ್ತದೆ. ಕೊಬ್ಬಿಲ್ಲದ ತುಂಡಿಗೆ ಇದೇ ಕ್ರಮ ಅನುಸರಿಸಿದರೆ ಅದು ಮರದ ಚಕ್ಕೆಯಂತಾಗುತ್ತದೆ. ಪಥ್ಯದ ಉತ್ಸಾಹದಲ್ಲಿ ಕೋಳಿ ಬೇಯಿಸಿದ ಹಲವರು ಒಂದೇ ವಾರದಲ್ಲಿ ಬ್ರಿಸ್ಕೆಟ್‌ಗೆ ಮರಳುವುದು ಈ ಕಾರಣಕ್ಕೇ. ಆದ್ದರಿಂದ ನೀವು ಕ್ರಮವನ್ನೇ ಬದಲಿಸಿಕೊಳ್ಳಬೇಕು: ತೆಳ್ಳನೆಯ ಮಾಂಸ, ತುಸು ಹೆಚ್ಚಿನ ಶಾಖ, ಕಡಿಮೆ ಹೊತ್ತು. ಚರ್ಮ ತೆಗೆದ ಕೋಳಿಯ ಎದೆಮಾಂಸವನ್ನು 120ರಿಂದ 135 ಡಿಗ್ರಿಯಲ್ಲಿಟ್ಟರೆ ದಪ್ಪಕ್ಕೆ ತಕ್ಕಂತೆ ಸುಮಾರು ಒಂದು ಗಂಟೆಯಲ್ಲಿ ಬೆಂದಿರುತ್ತದೆ. ಗಡಿಯಾರವನ್ನಾಗಲಿ ಮೇಲಿನ ಬಣ್ಣವನ್ನಾಗಲಿ ನಂಬದೆ, ಚುಚ್ಚಿ ನೋಡುವ ಥರ್ಮಾಮೀಟರಿನಲ್ಲಿ ಅತಿ ದಪ್ಪನೆಯ ಭಾಗದ ಒಳಗೆ 74 ಡಿಗ್ರಿ ತೋರಿದ ಕೂಡಲೇ ಹೊರತೆಗೆಯಿರಿ. ಟರ್ಕಿ ಕೋಳಿಯ ಎದೆಮಾಂಸಕ್ಕೂ ಇದೇ ಅಳತೆ. ಹಂದಿಮಾಂಸ ತಿನ್ನುವವರಾದರೆ ಭುಜದ ಬದಲು ಟೆಂಡರ್‌ಲಾಯಿನ್ (ಬೆನ್ನೆಲುಬಿನ ಪಕ್ಕದ, ಕೊಬ್ಬು ಕಡಿಮೆಯಿರುವ ಮೆದು ಮಾಂಸ) ಆರಿಸಿಕೊಳ್ಳಿ. ಅದು ಒಳಗೆ 63 ಡಿಗ್ರಿ ಮುಟ್ಟಿ ಮೂರು ನಿಮಿಷ ಹಾಗೆಯೇ ಉಳಿದರೆ ಸಾಕು.

ಬೇಗ ಬೇಯಿಸಿದರೆ ಹೊಗೆಯ ರುಚಿ ಹತ್ತುವುದಿಲ್ಲವೆಂಬ ಅಳುಕು ಬೇಡ. ತಣ್ಣಗಿರುವ, ತೇವವಿರುವ ಮೈಗೆ ಹೊಗೆ ಚೆನ್ನಾಗಿ ಅಂಟುತ್ತದೆ. ಮೇಲ್ಮೈ ಬಿಸಿಯಾಗಿ ಒಣಗಿದ ಮೇಲೆ ಎಷ್ಟು ಹೊಗೆ ಕೊಟ್ಟರೂ ರುಚಿ ಹೆಚ್ಚುವುದು ಅಷ್ಟಕ್ಕಷ್ಟೇ. ಕೆನೆ ತೆಗೆದ ಮೊಸರು, ಶುಂಠಿ, ಬೆಳ್ಳುಳ್ಳಿ, ಜೀರಿಗೆ, ಬ್ಯಾಡಗಿ ಮೆಣಸಿನ ಪುಡಿ ಕಲಸಿ ಕೋಳಿಗೆ ಹಚ್ಚಿ, ಕೆಲವು ಗಂಟೆ ಫ್ರಿಜ್ಜಿನಲ್ಲಿಟ್ಟು, ಅಲ್ಲಿಂದ ನೇರವಾಗಿ ಸ್ಮೋಕರಿಗೆ ಇಡಿ. ಮೊಸರಿನ ತೇವ ಹೊಗೆಯನ್ನು ಹಿಡಿದುಕೊಳ್ಳುತ್ತದೆ, ಮಾಂಸವನ್ನೂ ಒಣಗಗೊಡುವುದಿಲ್ಲ.

ನಿಮ್ಮ ರಕ್ತದೊತ್ತಡದ ದೃಷ್ಟಿಯಿಂದ ನನಗೆ ಮಾಂಸಕ್ಕಿಂತ ಹೆಚ್ಚಿನ ಕಳವಳವಿರುವುದು ಅದಕ್ಕೆ ಸವರುವ ಪದಾರ್ಥಗಳ ಬಗ್ಗೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಗಡಿಯಲ್ಲಿ ಸಿಗುವ ಒಣ ಮಸಾಲೆಗಳಲ್ಲಿ ಬಹುಪಾಲು ಉಪ್ಪು ಮತ್ತು ಕಂದು ಸಕ್ಕರೆಯೇ ಮುಂದಾಗಿರುತ್ತವೆ; ಮಾಂಸವನ್ನು ರಾತ್ರಿಯಿಡೀ ಉಪ್ಪುನೀರಿನಲ್ಲಿ ನೆನೆಸುವ ಪದ್ಧತಿ ಇದಕ್ಕೆ ಮತ್ತಷ್ಟು ಸೇರಿಸುತ್ತದೆ. ಬಾಟಲಿಯ ಸಿಹಿ ಬಾರ್ಬೆಕ್ಯೂ ಸಾಸ್‌ಗಳಲ್ಲಿ ಹಲವು ಎರಡು ದೊಡ್ಡ ಚಮಚಕ್ಕೆ 10 ಗ್ರಾಮಿಗೂ ಮೀರಿದ ಸಕ್ಕರೆ ಹೊಂದಿರುತ್ತವೆ, ಎರಡು ಚಮಚಕ್ಕೆ ನಿಲ್ಲಿಸುವವರು ವಿರಳ. ಹುರಿದು ಪುಡಿ ಮಾಡಿದ ಕೊತ್ತಂಬರಿ ಬೀಜ, ಜೀರಿಗೆ ಮತ್ತು ಕಾಳುಮೆಣಸಿಗೆ ಒಣಮೆಣಸು ಬೆರೆಸಿದರೆ ಉಪ್ಪು ಸಕ್ಕರೆಗಳ ಹಂಗಿಲ್ಲದ ಮಸಾಲೆ ಮನೆಯಲ್ಲೇ ಸಿದ್ಧವಾಗುತ್ತದೆ. ಉಪ್ಪನ್ನು ಆಮೇಲೆ ಬೇರೆಯಾಗಿ, ಅಳೆದು ಹಾಕಿ. ಸಾಸ್ ಬೇಕೇಬೇಕೆಂದರೆ ಅಮೆರಿಕದಲ್ಲಿಯೇ ಉತ್ತರ ಕ್ಯಾರೊಲಿನಾದ ಪೂರ್ವಭಾಗದವರು ಬಳಸುವ, ವಿನೆಗರ್ ಮತ್ತು ಮೆಣಸಿನ ತೆಳುವಾದ ಹುಳಿಖಾರದ ಸಾಸ್ ಇದೆ. ನಮ್ಮ ಕೊತ್ತಂಬರಿ ಸೊಪ್ಪಿನ ಚಟ್ನಿಯೂ ಅದಕ್ಕಿಂತ ಕಡಿಮೆಯದೇನಲ್ಲ.

ಹಬ್ಬಕ್ಕೋ ನೆಂಟರಿಗೋ ಬ್ರಿಸ್ಕೆಟ್ ಮಾಡಿದ ದಿನ ನೀವು ಮಾತ್ರ ದೂರ ಕೂರಬೇಕೆಂದು ಹೇಳುವುದಿಲ್ಲ. ಅದರಲ್ಲಿ ಕೊಬ್ಬು ಕಡಿಮೆಯಿರುವ ಚಪ್ಪಟೆ ಭಾಗದಿಂದ, ಅಂಚಿನ ಕೊಬ್ಬನ್ನು ಕತ್ತರಿಸಿ, ಸುಮಾರು 85 ಗ್ರಾಂ ತೆಗೆದುಕೊಳ್ಳಿ. ತೂಕವನ್ನು ಬೇಯಿಸಿದ ಮೇಲೆಯೇ ನೋಡಬೇಕು. ದೀರ್ಘಕಾಲ ಬೆಂದ ಬ್ರಿಸ್ಕೆಟ್ ಮೂರನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ತೂಕ ಕಳೆದುಕೊಂಡಿರುತ್ತದೆ. ಜೊತೆಗೆ ಚೀಸ್ ಸುರಿದ ಮ್ಯಾಕರೋನಿ ಅಥವಾ ಮಯೊನೇಸ್ ಕಲಸಿದ ಆಲೂಗಡ್ಡೆಯ ಬದಲು ಸೌತೆಕಾಯಿ ಕೋಸಂಬರಿ ಇಟ್ಟುಕೊಂಡರೆ ಆ ಊಟದ ಕ್ಯಾಲೊರಿ ಗಣನೀಯವಾಗಿ ತಗ್ಗುತ್ತದೆ.

ಇನ್ನು ಶ್ರೀಮತಿಯವರ ವಿಚಾರ. ನನ್ನ ಅಭಿಪ್ರಾಯದಲ್ಲಿ ಪಥ್ಯದವರಿಗೆ ಸ್ಮೋಕರಿನಿಂದ ಸಿಗುವ ಅತ್ಯುತ್ತಮ ಲಾಭ ತರಕಾರಿಯಲ್ಲಿಯೇ ಇದೆ, ಏಕೆಂದರೆ ತರಕಾರಿಗೆ ಎಣ್ಣೆಯೂ ತುಪ್ಪವೂ ಕೊಡುವ ಗಾಢತೆಯನ್ನು ಹೊಗೆ ಕ್ಯಾಲೊರಿಯಿಲ್ಲದೆ ಕೊಡುತ್ತದೆ. ಅರ್ಧಕ್ಕೆ ಸೀಳಿದ ಟೊಮೆಟೊವನ್ನು ಸುಮಾರು ಅರ್ಧ ಗಂಟೆ ಹೊಗೆಯಲ್ಲಿಟ್ಟು ಸಾರು ಮಾಡಿ ನೋಡಿ. ಒಗ್ಗರಣೆಗೆ ಅರ್ಧ ಚಮಚ ಎಣ್ಣೆ ಸಾಕಾಗುತ್ತದೆ. ಬದನೆಕಾಯಿ ಮೆತ್ತಗಾಗುವವರೆಗೆ ಇಟ್ಟು, ಸಿಪ್ಪೆ ಸುಲಿದು ಮೊಸರುಗೊಜ್ಜು ಮಾಡಿದರೆ ಕೆಂಡದಲ್ಲಿ ಸುಟ್ಟ ಬದನೆಯ ರುಚಿ ನೆನಪಿರುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ದಪ್ಪ ಮೆಣಸಿನಕಾಯಿ, ಅಣಬೆ, ಸಿಹಿಗುಂಬಳ, ಎಳೆ ಮೆಕ್ಕೆಜೋಳ ಎಲ್ಲವೂ ಹೊಂದುತ್ತವೆ. ಪ್ರೋಟೀನಿಗಾಗಿ ನೀರು ಹಿಂಡಿದ ಟೋಫು ಒಳ್ಳೆಯದು. ಪನೀರ್ ರುಚಿಯಾಗಿದ್ದರೂ ಅದರ ಕೊಬ್ಬನ್ನು ನೆನಪಿಟ್ಟು ತುಂಡುಗಳನ್ನು ಎಣಿಸಿ ತಿನ್ನಬೇಕು. ಹೊಗೆ ಕೊಟ್ಟ ಗೋಡಂಬಿ, ಬಾದಾಮಿಗಳನ್ನು ಮಾತ್ರ ಪಥ್ಯದ ತಿಂಡಿಯೆಂದು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಡಿ. ಅವುಗಳ 100 ಗ್ರಾಮಿನಲ್ಲಿ 550 ಕ್ಯಾಲೊರಿಗೂ ಹೆಚ್ಚಿರುತ್ತದೆ. ಮತ್ತೊಂದು ಮಾತು: ಅವರ ತರಕಾರಿಯನ್ನು ಮಾಂಸದ ಕೆಳಗಿನ ಜಾಲರಿಯಲ್ಲಿ ಇಡದೆ, ಸಾಧ್ಯವಾದರೆ ಬೇರೆ ದಿನ, ಅವರಿಗಾಗಿಯೇ ತೆಗೆದಿರಿಸಿದ ಜಾಲರಿಯಲ್ಲಿ ಬೇಯಿಸಿ. ಸ್ಮೋಕರ್ ಮಾರುವ ಮಾತು ಆಗ ತಾನಾಗಿಯೇ ನಿಲ್ಲಬಹುದು.

ಪ್ರಶ್ನೆ: ಹೊಗೆಯಲ್ಲಿ ಬೇಯಿಸಿದ ಆಹಾರದಿಂದ ಕ್ಯಾನ್ಸರ್ ಬರುತ್ತದೆಂದು ಓದಿದ್ದೇನೆ. ಹಾಗಿದ್ದರೆ ಕ್ಯಾಲೊರಿ ಕಡಿಮೆಯಾಗಿ ಪ್ರಯೋಜನವೇನು? (ಓದುಗರು, ಮೈಸೂರು)

ಉತ್ತರ: ನ್ಯಾಯವಾದ ಪ್ರಶ್ನೆ. ಕಟ್ಟಿಗೆ ಅರೆಬರೆಯಾಗಿ ಉರಿದಾಗ, ಹಾಗೂ ಮಾಂಸದ ಕೊಬ್ಬು ಬೆಂಕಿಯ ಮೇಲೆ ತೊಟ್ಟಿಕ್ಕಿ ಹೊಗೆಯಾಗಿ ಮೇಲೇರಿದಾಗ, ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೊಕಾರ್ಬನ್ ಎಂಬ ಗುಂಪಿನ ರಾಸಾಯನಿಕಗಳು ಹುಟ್ಟಿ ಆಹಾರದ ಮೇಲೆ ಕೂರುತ್ತವೆ. ಅವುಗಳಲ್ಲಿ ಬೆಂಜೊಪೈರೀನ್ ಎಂಬುದು ಕ್ಯಾನ್ಸರ್‌ಕಾರಕವೆಂದು ಸ್ಥಿರಪಟ್ಟಿದೆ. ಆದ್ದರಿಂದಲೇ ಯುರೋಪಿನ ಒಕ್ಕೂಟವು ಹೊಗೆ ಕೊಟ್ಟ ಮಾಂಸದಲ್ಲಿ ಅದರ ಮಿತಿಯನ್ನು 2014ರಲ್ಲಿ ಕಿಲೋಗೆ 5 ಮೈಕ್ರೊಗ್ರಾಮಿನಿಂದ 2 ಮೈಕ್ರೊಗ್ರಾಮಿಗೆ ಇಳಿಸಿತು. ಇದಲ್ಲದೆ, ಉಪ್ಪು ಹಾಕಿ, ಹೊಗೆ ಕೊಟ್ಟು ಅಥವಾ ಇತರ ರೀತಿಯಲ್ಲಿ ಸಂಸ್ಕರಿಸಿದ ಮಾಂಸವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿತು. ಅಂಥ ಮಾಂಸವನ್ನು ದಿನವೂ ತಿನ್ನುವವರಲ್ಲಿ ಪ್ರತಿ 50 ಗ್ರಾಮಿಗೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ಶೇಕಡ 18ರಷ್ಟು ಹೆಚ್ಚುತ್ತದೆಂಬುದು ಅದರ ಲೆಕ್ಕ. ಆ ಲೆಕ್ಕದಲ್ಲಿ ಮುಖ್ಯವಾದ ಪದ "ದಿನವೂ". ಮೇಲಿನ ಉತ್ತರದಲ್ಲಿ ಹೇಳಿದ ಅಡುಗೆಯನ್ನು ನಾನು ನಿತ್ಯದ ಊಟವಾಗಿ ಯಾರಿಗೂ ಸೂಚಿಸುವುದಿಲ್ಲ. ವಾರಕ್ಕೊಮ್ಮೆ, ಅದರಲ್ಲಿಯೂ ಮಾಂಸಕ್ಕಿಂತ ತರಕಾರಿಯೇ ಹೆಚ್ಚಿರುವಂತೆ ಮಾಡಿಕೊಂಡರೆ ಸಾಕು.

ಅಪಾಯ ತಗ್ಗಿಸುವ ಬಹುತೇಕ ಕ್ರಮಗಳು ರುಚಿಯನ್ನೂ ಉಳಿಸುತ್ತವೆ. ಬೆಂಕಿ ಮಾಂಸದ ನೇರ ಕೆಳಗಿರಬಾರದು. ಇದ್ದರೆ ನಡುವೆ ನೀರು ತುಂಬಿದ ತಟ್ಟೆ ಇಟ್ಟು ಕೊಬ್ಬು ಅದರಲ್ಲಿ ಬೀಳುವಂತೆ ಮಾಡಬೇಕು. ಚೆನ್ನಾಗಿ ಒಣಗಿದ ಗಟ್ಟಿಮರದ ಕಟ್ಟಿಗೆಯನ್ನು ಮಾತ್ರ ಬಳಸಬೇಕು, ಅಂಟು ಹೆಚ್ಚಿರುವ ಪೈನ್ ಜಾತಿಯ ಮರ, ಪ್ಲೈವುಡ್, ಬಣ್ಣ ಬಳಿದ ಹಲಗೆಗಳನ್ನು ಮುಟ್ಟಲೇಬಾರದು. ಗಾಳಿಕಿಂಡಿಗಳನ್ನು ಮುಚ್ಚಿ ದಟ್ಟವಾದ ಬಿಳಿ ಹೊಗೆ ಎಬ್ಬಿಸುವುದನ್ನು ಕೆಲವರು ಕೈಚಳಕವೆಂದುಕೊಂಡಿದ್ದಾರೆ. ಅದು ಕೆಟ್ಟ ಉರಿಯ ಲಕ್ಷಣ, ಆಹಾರವನ್ನೂ ಕಹಿಯಾಗಿಸುತ್ತದೆ. ಬೇಕಾದದ್ದು ಕಣ್ಣಿಗೆ ಕಂಡೂ ಕಾಣದಂತಿರುವ ತೆಳುನೀಲಿ ಹೊಗೆ. ಮೊದಲ ಅರ್ಧ ಗಂಟೆಯೋ ಒಂದು ಗಂಟೆಯೋ ಹೊಗೆ ಕೊಟ್ಟು, ಉಳಿದ ಬೇಯುವಿಕೆಯನ್ನು ಮನೆಯೊಳಗಿನ ಅವನ್ನಿಗೆ ಕೂಡಲೇ ವರ್ಗಾಯಿಸುವುದು ನಾನು ಎಲ್ಲಕ್ಕಿಂತ ಮೆಚ್ಚುವ ವಿಧಾನ. ಸುಟ್ಟು ಕಪ್ಪಾದ ಅಂಚುಗಳನ್ನು, ಎಷ್ಟೇ ಆಸೆಯಾದರೂ, ಕತ್ತರಿಸಿ ಬಿಡಿ.

ಪ್ರಶ್ನೆ: ಬಂಗುಡೆಯನ್ನು ಮನೆಯಲ್ಲಿಯೇ ಹೊಗೆಗಿಟ್ಟು ಕೆಲವು ವಾರ ಇಟ್ಟುಕೊಳ್ಳಬಹುದೇ? ಕರಿದ ಮೀನು ಬಿಡಬೇಕೆಂದು ವೈದ್ಯರು ಹೇಳಿದ್ದಾರೆ. (ಓದುಗರು, ಮಂಗಳೂರು)

ಉತ್ತರ: ಹೊಗೆಯಲ್ಲಿ ಬೇಯಿಸಬಹುದು, ವಾರಗಟ್ಟಲೆ ಇಡುವಂತಿಲ್ಲ. ಬಂಗುಡೆಯಂಥ ಎಣ್ಣೆಯಂಶವಿರುವ ಮೀನಿಗೆ ಹೊಗೆ ಚೆನ್ನಾಗಿ ಹಿಡಿಯುತ್ತದೆ, ಅದರ ಕೊಬ್ಬಿನಲ್ಲಿ ಒಮೆಗಾ-3 ಇರುವುದರಿಂದ ಅದಕ್ಕೆ ಹೆದರಬೇಕಾಗಿಯೂ ಇಲ್ಲ. ಲಿಂಬೆ, ಅರಸಿನ, ಕಾಳುಮೆಣಸು ಸವರಿ, ಒಳಗೆ 63 ಡಿಗ್ರಿ ಮುಟ್ಟುವವರೆಗೆ ಬೇಯಿಸಿ. ಆರಿದ ಮೇಲೆ, ಎರಡು ಗಂಟೆ ಮೀರದಂತೆ, ಫ್ರಿಜ್ಜಿಗೆ ಸೇರಿಸಿ. ಮೂರು ನಾಲ್ಕು ದಿನದೊಳಗೆ ತಿಂದು ಮುಗಿಸಿ. ಬಹುಕಾಲ ಇಡಬೇಕೆಂದರೆ ಉಪ್ಪನ್ನು ವಿಪರೀತ ಹಾಕಬೇಕಾಗುತ್ತದೆ, ಅದು ಪಥ್ಯಕ್ಕೆ ಒಗ್ಗುವುದಿಲ್ಲ. 30 ಡಿಗ್ರಿಗಿಂತ ಕಡಿಮೆ ಶಾಖದಲ್ಲಿ, ಬೇಯಿಸದೆಯೇ ಹೊಗೆ ಕೊಡುವ ವಿಧಾನವನ್ನಂತೂ ಕರಾವಳಿಯ ಸೆಕೆಯಲ್ಲಿ ಮನೆಯಲ್ಲಿ ಪ್ರಯತ್ನಿಸಲೇಬೇಡಿ. ಬೊಟುಲಿಸಂ ಎಂಬ ಮಾರಕ ವಿಷಬಾಧೆಯ ಬ್ಯಾಕ್ಟೀರಿಯಾ ಮತ್ತು ಲಿಸ್ಟೀರಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಎರಡಕ್ಕೂ ಅಲ್ಲಿ ಅವಕಾಶವಿದೆ. ಗರ್ಭಿಣಿಯರು ಹಾಗೆ ತಯಾರಿಸಿದ, ಬೇಯಿಸದ ಮೀನನ್ನು ತಿನ್ನಬಾರದು. ಕಟ್ಟಿಗೆಗೆ ಒಣಗಿದ ಪೇರಳೆ ಗೆಲ್ಲುಗಳು ಸಾಕು. ಗೇರುಬೀಜದ ಸಿಪ್ಪೆ ಸುಲಭವಾಗಿ ಸಿಗುತ್ತದೆಂದು ಉರಿಸಬೇಡಿ, ಅದರ ಎಣ್ಣೆಯ ಹೊಗೆ ಕಣ್ಣು, ಗಂಟಲು, ಚರ್ಮ ಮೂರನ್ನೂ ಕೆರಳಿಸುತ್ತದೆ.

ಪ್ರಶ್ನೆ: ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟ್, ಸ್ಮೋಕರ್ ಇಡಲು ಜಾಗವಿಲ್ಲ. ಬಾಟಲಿಯಲ್ಲಿ ಬರುವ ದ್ರವರೂಪದ ಹೊಗೆ ಬಳಸಬಹುದೇ? ಬಾಲ್ಕನಿಯಲ್ಲಿ ಇದ್ದಿಲು ಉರಿಸಿದರೆ ಹೇಗೆ?

ಉತ್ತರ: ಹೊಗೆಯನ್ನು ತಣಿಸಿ, ಡಾಂಬರಿನಂಶ ಸೋಸಿ ತಯಾರಿಸುವ ಆ ದ್ರವದಲ್ಲಿ ಕ್ಯಾಲೊರಿ ಇಲ್ಲವೆನ್ನುವಷ್ಟು ಕಡಿಮೆ. ಆದರೂ ವಂಶವಾಹಿಗಳಿಗೆ ಹಾನಿಯಾಗುವ ಶಂಕೆಯ ಮೇಲೆ ಯುರೋಪಿನ ಒಕ್ಕೂಟವು 2024ರಲ್ಲಿ ಇಂಥ ಎಂಟು ಹೊಗೆರುಚಿಗಳ ಪರವಾನಗಿಯನ್ನು ನವೀಕರಿಸದಿರಲು ತೀರ್ಮಾನಿಸಿದೆ. ಅಪರೂಪಕ್ಕೊಮ್ಮೆ ಒಂದೆರಡು ಹನಿ ಹಾಕಿದವರು ಗಾಬರಿಯಾಗಬೇಕಿಲ್ಲ. ಹೊಸದಾಗಿ ಕೊಳ್ಳಲು ನಾನು ಹೇಳುವುದಿಲ್ಲ. ಬದಲಿಗೆ, ಹೊಗೆಯಲ್ಲಿ ಒಣಗಿಸಿದ ಕೆಂಪು ಪ್ಯಾಪ್ರಿಕಾ ಮೆಣಸಿನ ಪುಡಿ ಕಾಲು ಚಮಚ ಸಾಕಷ್ಟು ಕೆಲಸ ಮಾಡುತ್ತದೆ. ಪಾತ್ರೆಯ ನಡುವೆ ಬಟ್ಟಲಿಟ್ಟು, ಅದರಲ್ಲಿ ಕೆಂಡ ಹಾಕಿ, ಕೆಲವೇ ಹನಿ ತುಪ್ಪ ಬಿಟ್ಟು ಐದು ನಿಮಿಷ ಮುಚ್ಚಿಡುವ ಧುಂಗಾರ್ ಪದ್ಧತಿಯೂ ಇದೆ. ತುಪ್ಪ ಬಟ್ಟಲಿನಲ್ಲೇ ಉಳಿಯುವುದರಿಂದ ಅದು ಊಟದ ಲೆಕ್ಕಕ್ಕೆ ಬಾರದು. ಕೊಬ್ಬು ಸುಟ್ಟ ಹೊಗೆಯೇ ಆದ್ದರಿಂದ ಇದನ್ನೂ ಅಪರೂಪಕ್ಕೆ ಮಾತ್ರ ಇಟ್ಟುಕೊಳ್ಳಿ. ಒಂದೇ ಒಂದು ಚಿಕ್ಕ ಕೆಂಡವಾದರೂ ಕಿಟಕಿಗಳು ತೆರೆದಿರಲಿ, ಕೆಲಸ ಮುಗಿದೊಡನೆ ಅದನ್ನು ನೀರಿನಲ್ಲಿ ನಂದಿಸಿ.

ಬಾಲ್ಕನಿಯಲ್ಲಿ ಇದ್ದಿಲಿನ ಒಲೆ ಬೇಡ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಜಿನ ಬಾಗಿಲು ಮುಚ್ಚಿದ ಬಾಲ್ಕನಿಯಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು, ಮೇಲಿನ ಮಹಡಿಯವರ ಮನೆಗೂ ನುಗ್ಗಬಹುದು. ನಿಮ್ಮ ಕಟ್ಟಡದ ತಾರಸಿಯಲ್ಲಿ ಸಂಘದವರು ಒಪ್ಪಿಗೆ ಕೊಟ್ಟರೆ, ತೆರೆದ ಗಾಳಿಯಲ್ಲಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಅಥವಾ ಮರಳು ಇಟ್ಟುಕೊಂಡು ಮಾಡಬಹುದು.