ಪ್ರತಿಕ್ರಿಯೆ: ಇಂಟಾ ಸದಸ್ಯತ್ವ ಈಗಲೇ ಬೇಕೇ?

ಬೆಂಗಳೂರಿನಲ್ಲಿ ಮೂರು ವರ್ಷದಿಂದ ಟ್ರೇಡ್‌ಮಾರ್ಕ್ ಕೆಲಸ ಮಾಡುತ್ತಿದ್ದೀರಿ, ಕೈಯಲ್ಲಿರುವ ಹಣವನ್ನು ಇಂಟಾ (INTA, ಅಂತರರಾಷ್ಟ್ರೀಯ ಟ್ರೇಡ್‌ಮಾರ್ಕ್ ಸಂಘ) ಸದಸ್ಯತ್ವಕ್ಕೆ ಹಾಕಲೇ ಎಂದು ಕೇಳಿದ್ದೀರಿ. ಈಗಲೇ ಬೇಡ ಎಂಬುದು ನನ್ನ ಅಭಿಪ್ರಾಯ.

1878ರಲ್ಲಿ ಹುಟ್ಟಿದ ಇಂಟಾ ದೊಡ್ಡ ಸಂಸ್ಥೆ, ನಿಜ. ಆದರೆ ಅದರ ವಾರ್ಷಿಕ ಸಮಾವೇಶದಲ್ಲಿ ಸಾವಿರಾರು ಜನ. ಮೊದಲೇ ಮಿಂಚಂಚೆ ಬರೆದು ಭೇಟಿಯ ಸಮಯ ಗೊತ್ತುಮಾಡಿಕೊಳ್ಳದೆ ಹೋದವರು ಕಾರ್ಡ್ ಹಂಚಿ ಸುಸ್ತಾಗಿ ಬರುತ್ತಾರೆ. ವಿಮಾನ, ವಸತಿಯ ಖರ್ಚು ಬೇರೆ.

ಅದಕ್ಕಿಂತ ಬೌದ್ಧಿಕ ಆಸ್ತಿ ಕಾನೂನಿನ ಅಂತರರಾಷ್ಟ್ರೀಯ ಸಂಘವಾದ ಎಐಪಿಪಿಐನ (AIPPI) ಭಾರತ ಘಟಕವನ್ನು ನೋಡಿ. ಅಲ್ಲಿ ಪ್ರತಿವರ್ಷ ಕೆಲವು ಕಾನೂನು ಪ್ರಶ್ನೆಗಳನ್ನು ಅಧ್ಯಯನಕ್ಕೆ ಇಡುತ್ತಾರೆ. ಒಂದೊಂದು ದೇಶದ ಘಟಕವೂ ತನ್ನ ದೇಶದ ಕಾನೂನು ಏನು ಹೇಳುತ್ತದೆ ಎಂದು ವರದಿ ಬರೆಯುತ್ತದೆ. ಆ ವರದಿಯ ಕರಡು ಬರೆಯಲು ಕೈಜೋಡಿಸುತ್ತೇನೆಂದು ನೀವಾಗಿ ಕೇಳಿ. ನನಗೆ ಮೊದಲ ವಿದೇಶಿ ಕಕ್ಷಿದಾರ ಸಿಕ್ಕಿದ್ದು ಇಂಥದೇ ಒಂದು ಕರಡಿನಿಂದ. ಅಡಿಟಿಪ್ಪಣಿಯಲ್ಲಿ ಹೈಕೋರ್ಟ್ ತೀರ್ಪೊಂದರ ವರ್ಷ ತಪ್ಪಾಗಿತ್ತು, ತಿದ್ದಿ ಕಳಿಸಿದೆ. ಅದನ್ನು ಗಮನಿಸಿದ ಹಿರಿಯರೊಬ್ಬರು, ತಮಗೆ ಹಿತಾಸಕ್ತಿ ಸಂಘರ್ಷವಿದ್ದ ಪ್ರಕರಣವೊಂದನ್ನು ಎಂಟು ತಿಂಗಳ ಬಳಿಕ ನನಗೆ ವಹಿಸಿದರು. ಕೆಲಸ ಬರುವುದು ಬಹುಪಾಲು ಹೀಗೆಯೇ, ಸಹೋದ್ಯೋಗಿಗಳ ಕೈಯಿಂದ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ವಕೀಲರು ಕೆಲಸಕ್ಕಾಗಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪ್ರಚಾರ ಮಾಡುವುದನ್ನು ಬಾರ್ ಕೌನ್ಸಿಲ್‌ನ 36ನೇ ನಿಯಮ ತಡೆಯುತ್ತದೆ. ನಾಮಫಲಕದಲ್ಲಿ ಸಂಘದ ಸದಸ್ಯತ್ವವನ್ನೂ ಪರಿಣತಿಯನ್ನೂ ಹಾಕುವಂತಿಲ್ಲ. ಹಾಗಾಗಿ ತೋರಿಸಿಕೊಳ್ಳಲೆಂದು ಸದಸ್ಯತ್ವ ಕೊಳ್ಳಬೇಡಿ.

ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಇದ್ದರೆ ಆ ಹಣದಲ್ಲಿ ಮೊದಲು ಪೇಟೆಂಟ್ ಏಜೆಂಟ್ (ಬೇರೆಯವರ ಪರವಾಗಿ ಪೇಟೆಂಟ್ ಅರ್ಜಿ ಸಲ್ಲಿಸುವವರು) ಪರೀಕ್ಷೆಗೆ ಕಟ್ಟಿ. ಪದವಿ ಯಾವುದೆಂದು ನೀವು ಬರೆದಿಲ್ಲ. ತಿಳಿಸಿದರೆ ಓದಿನ ಬಗ್ಗೆಯೂ ಬರೆಯುತ್ತೇನೆ.