ಸುರಂಜನ್ ದಾಸ್ ಯಾರು?

ಬೆಂಗಳೂರಿನ ಸುರಂಜನ್ ದಾಸ್ ರಸ್ತೆ ಯಾರ ಹೆಸರಿನದು ಅಂತ ಕೇಳಿದ್ದೀರಿ. ಅವರು ವಾಯುಪಡೆಯ ಗ್ರೂಪ್ ಕ್ಯಾಪ್ಟನ್, ವಿಮಾನ ತಯಾರಿಸುವ ಎಚ್‌ಎಎಲ್‌ನ ಟೆಸ್ಟ್ ಪೈಲಟ್, ಅಂದರೆ ಹೊಸ ವಿಮಾನಗಳನ್ನು ಹಾರಿಸಿ ಪರೀಕ್ಷಿಸುವವರು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದವರು. ನಮ್ಮಲ್ಲೇ ತಯಾರಾದ ಮಾರುತ್ ಯುದ್ಧವಿಮಾನವನ್ನು 1961ರ ಜೂನ್‌ನಲ್ಲಿ ಮೊದಲು ಹಾರಿಸಿದವರು ಅವರೇ.

ನನಗೆ ಜಾಸ್ತಿ ಬೆರಗು ಹುಟ್ಟಿಸುವುದು ಅದಕ್ಕೂ ಮುಂಚಿನ ಕೆಲಸ. 1959ರಲ್ಲಿ ಮಾರುತ್‌ನ ವಿನ್ಯಾಸ ಪರೀಕ್ಷಿಸಲು ಎಚ್‌ಎಎಲ್‌ನವರು ಅದರಷ್ಟೇ ದೊಡ್ಡ ಮರದ ಗ್ಲೈಡರ್ ಮಾಡಿದ್ದರು. ಅದಕ್ಕೆ ಇಂಜಿನ್ ಇಲ್ಲ. ಡಕೋಟಾ ವಿಮಾನ ಅದನ್ನು ಮೇಲಕ್ಕೆ ಎಳೆದೊಯ್ದು ಬಿಡುತ್ತಿತ್ತು. ದಾಸ್ ಅದನ್ನು ಕೆಳಗಿಳಿಸಬೇಕು! ಎಂಥ ಗುಂಡಿಗೆ, ಅಲ್ವಾ?

1964ರಲ್ಲಿ ಕಿರಣ್ ತರಬೇತಿ ವಿಮಾನದ ಮೊದಲ ಹಾರಾಟವೂ ಅವರದೇ. 1970ರ ಜನವರಿ 10ರಂದು ಬೆಂಗಳೂರಿನಲ್ಲೇ ಮಾರುತ್ ಪರೀಕ್ಷೆ ಮಾಡುವಾಗ ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ಪದ್ಮಭೂಷಣ ಬಂತು.